ಹತ್ತಿರದಿಂದ ನೋಡಿದವರು

ಯಾವುದಾದರೊಂದು ದೊಡ್ಡ ಯೋಜನೆಯ ಮಾತು ಬಂದರೆ ನಮ್ಮ ಪತ್ರಿಕೆಗಳಲ್ಲಿ ‘ನೀಲನಕ್ಷೆ ಸಿದ್ಧ’ ಎಂಬ ಶೀರ್ಷಿಕೆ ಇದ್ದೇ ಇರುತ್ತದೆ. ಅಣೆಕಟ್ಟಿಗೂ ನೀಲನಕ್ಷೆ, ಚುನಾವಣೆ ಗೆಲ್ಲುವುದಕ್ಕೂ ನೀಲನಕ್ಷೆ. ಪ್ರಶ್ನೆಪತ್ರಿಕೆ ತಯಾರಿಸುವ ನಮ್ಮಂಥ ಶಿಕ್ಷಕರಿಗೂ ಒಂದು ನೀಲನಕ್ಷೆ ಉಂಟು. ಈ ನಕ್ಷೆ ಕೆಂಪಾಗಿಯೋ ಹಸಿರಾಗಿಯೋ ಇರದೆ ನೀಲಿಯಾಗಿಯೇ ಏಕಿದೆ ಎಂದು ನಾವು ಯೋಚಿಸುವುದಿಲ್ಲ. ಅದರ ಮೂಲ ಹುಡುಕುತ್ತ ಹೋದರೆ ಇಂಗ್ಲೆಂಡಿನ ಒಬ್ಬ ಹೆಣ್ಣುಮಗಳು ಕಡಲಪಾಚಿಯನ್ನು ಬಿಸಿಲಿಗೆ ಒಡ್ಡಿ ಕುಳಿತಿದ್ದ ಮನೆಯನ್ನು ಮುಟ್ಟುತ್ತೇವೆ. ಇತಿಹಾಸ ಪಾಠ ಮಾಡುವ ನನಗೆ ರಾಜರ, ಯುದ್ಧಗಳ, ಒಪ್ಪಂದಗಳ ತೇದಿಗಳು ಬಾಯಿಪಾಠವಾಗಿವೆ. ಮನುಷ್ಯರು ಒಂದು ಎಲೆಯನ್ನೋ ಹಿಮದ ಹರಳನ್ನೋ ಹೇಗೆ ಹತ್ತಿರದಿಂದ ನೋಡಲು ಕಲಿತರು ಎಂಬುದಕ್ಕೂ ಒಂದು ಇತಿಹಾಸವಿದೆ. ಅದನ್ನು ಇಲ್ಲಿ ಹೇಳಬೇಕೆನಿಸಿದೆ.

1842ರಲ್ಲಿ ಖಗೋಳ ವಿಜ್ಞಾನಿ ಜಾನ್ ಹರ್ಷೆಲ್ ಒಂದು ಹೊಸ ವಿಧಾನ ಕಂಡುಹಿಡಿದ. ಕಬ್ಬಿಣದ ಎರಡು ಲವಣಗಳನ್ನು ನೀರಿನಲ್ಲಿ ಕರಗಿಸಿ, ಬೆರೆಸಿ, ಕಾಗದಕ್ಕೆ ಹಚ್ಚಿ ಕತ್ತಲಲ್ಲಿ ಒಣಗಿಸುವುದು. ಅದರ ಮೇಲೆ ಯಾವುದಾದರೂ ವಸ್ತುವನ್ನಿಟ್ಟು ಬಿಸಿಲಿಗೆ ಹಿಡಿಯುವುದು. ಆಮೇಲೆ ಬರಿಯ ನೀರಿನಲ್ಲಿ ತೊಳೆದರೆ ಬಿಸಿಲು ಬಿದ್ದ ಕಡೆಯೆಲ್ಲ ಗಾಢ ನೀಲಿಯಾಗುತ್ತದೆ, ವಸ್ತು ಮುಚ್ಚಿದ್ದ ಜಾಗ ಬಿಳಿಯಾಗಿ ಉಳಿಯುತ್ತದೆ. ಇದಕ್ಕೆ ಸಯನೋಟೈಪ್ ಎಂದು ಹೆಸರು. ಮುಂದೆ ಎಂಜಿನಿಯರುಗಳು ತಮ್ಮ ನಕ್ಷೆಗಳ ಪ್ರತಿ ತೆಗೆಯಲು ಇದೇ ವಿಧಾನವನ್ನು ಬಳಸಿದರು. ಬ್ಲೂಪ್ರಿಂಟ್ ಎಂಬ ಹೆಸರು ಹುಟ್ಟಿದ್ದು ಹಾಗೆ. ನಮ್ಮ ‘ನೀಲನಕ್ಷೆ’ ಅದರದೇ ಕನ್ನಡ ರೂಪ.

ಎಂಜಿನಿಯರುಗಳಿಗೂ ಮೊದಲೇ ಈ ನೀಲಿಯನ್ನು ಕೈವಶ ಮಾಡಿಕೊಂಡವಳು ಆನಾ ಆಟ್ಕಿನ್ಸ್. ಹುಟ್ಟಿದ್ದು 1799ರಲ್ಲಿ, ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದಲ್ಲಿ. ಹುಟ್ಟಿದ ಸ್ವಲ್ಪ ದಿನಕ್ಕೇ ತಾಯಿ ತೀರಿಕೊಂಡಳು. ತಂದೆ ಜಾನ್ ಜಾರ್ಜ್ ಚಿಲ್ಡ್ರನ್ ವಿಜ್ಞಾನಿ, ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಕೆಲಸ. ಆ ಕಾಲದ ಹೆಣ್ಣುಮಕ್ಕಳಿಗೆ ಸಿಗದಿದ್ದ ವಿಜ್ಞಾನದ ಶಿಕ್ಷಣ ಈಕೆಗೆ ತಂದೆಯಿಂದ ಸಿಕ್ಕಿತು. ತಂದೆ ಲಾಮಾರ್ಕನ ಶಂಖ ಚಿಪ್ಪುಗಳ ಗ್ರಂಥವನ್ನು ಅನುವಾದಿಸಿದಾಗ ಅದಕ್ಕೆ ಬೇಕಾದ ಇನ್ನೂರಕ್ಕೂ ಹೆಚ್ಚು ಚಿತ್ರಗಳನ್ನು ಬರೆದವಳು ಮಗಳು. ಅದು 1823ರಲ್ಲಿ ಪ್ರಕಟವಾಯಿತು. ಹರ್ಷೆಲ್ ಈ ಮನೆಗೆ ಸ್ನೇಹಿತ. ಹೀಗಾಗಿ ಅವನ ವಿಧಾನ ಕಂಡುಹಿಡಿದ ಸ್ವಲ್ಪ ಕಾಲದಲ್ಲೇ ಆಕೆಗೆ ತಿಳಿಯಿತು.

ಆಕೆಗೆ ಇದ್ದ ಕಷ್ಟವೂ ಪಾಠ ಹೇಳುವವರಿಗೆ ಅರ್ಥವಾಗುವಂಥದು. ವಿಲಿಯಂ ಹಾರ್ವೆ ಎಂಬ ಸಸ್ಯವಿಜ್ಞಾನಿ 1841ರಲ್ಲಿ ಬ್ರಿಟನ್ನಿನ ಕಡಲಪಾಚಿಗಳ ಬಗ್ಗೆ ಒಂದು ಕೈಪಿಡಿ ಬರೆದಿದ್ದ. ಅದರಲ್ಲಿ ಚಿತ್ರಗಳಿರಲಿಲ್ಲ. ಕೂದಲೆಳೆಯಂಥ ಪಾಚಿಯನ್ನು ಬರಿಯ ಮಾತಿನಲ್ಲಿ ಓದಿ ಯಾರಿಗೆ ಗುರುತು ಹತ್ತೀತು? ಕೈಯಲ್ಲಿ ಬರೆಯಲು ಹೋದರೆ ಅದರ ಕವಲುಗಳಿಗೆ ಕೊನೆಯಿಲ್ಲ. ಆನಾ ಒಣಗಿದ ಪಾಚಿಯನ್ನೇ ನೇರವಾಗಿ ಕಾಗದದ ಮೇಲಿಟ್ಟು, ಗಾಜು ಒತ್ತಿ, ಬಿಸಿಲಿಗೆ ಹಿಡಿದಳು. ಕ್ಯಾಮರಾ ಬೇಕಾಗಲಿಲ್ಲ. 1843ರ ಅಕ್ಟೋಬರಿನಲ್ಲಿ ‘ಬ್ರಿಟಿಷ್ ಪಾಚಿಗಳ ಛಾಯಾಚಿತ್ರಗಳು’ ಎಂಬ ಅರ್ಥದ ಹೆಸರಿನಲ್ಲಿ ಮೊದಲ ಕಂತು ಹೊರಬಂತು. ಛಾಯಾಚಿತ್ರಗಳಿಂದ ಕೂಡಿದ ಜಗತ್ತಿನ ಮೊದಲ ಪುಸ್ತಕವೆಂದು ಇಂದು ಅದನ್ನು ಗುರುತಿಸುತ್ತಾರೆ. ಛಾಯಾಗ್ರಹಣದ ಜನಕರಲ್ಲಿ ಒಬ್ಬನಾದ ಟಾಲ್ಬಟ್‌ನ ಪ್ರಸಿದ್ಧ ಪುಸ್ತಕ ಶುರುವಾದದ್ದು ಅದರ ಮರುವರ್ಷ, 1844ರಲ್ಲಿ. ಆನಾ ಹತ್ತು ವರ್ಷ, 1853ರವರೆಗೆ, ಕಂತು ಕಂತಾಗಿ ಕೆಲಸ ಮುಂದುವರಿಸಿದಳು. ಸುಮಾರು ನಾನೂರು ಹಾಳೆಗಳು, ಪ್ರತಿಯೊಂದೂ ಬಿಸಿಲಲ್ಲಿ ಬೇರೆಯಾಗಿ ಮಾಡಿದ್ದು. ಹೆಸರುಗಳನ್ನೂ ವಿವರಗಳನ್ನೂ ತನ್ನ ಕೈಬರಹದಲ್ಲೇ ಅಚ್ಚೊತ್ತಿದಳು. ಅಂಗಡಿಯಲ್ಲಿ ಮಾರಲು ಇಡಲಿಲ್ಲ. ವಿಜ್ಞಾನಿ ಮಿತ್ರರಿಗೆ, ಸಂಸ್ಥೆಗಳಿಗೆ ಹಂಚಿದಳು. ಹರ್ಷೆಲ್‌ಗೆ ಕೊಟ್ಟ ಪ್ರತಿ ಈಗ ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯಲ್ಲಿದೆ.

ಆ ಹಾಳೆಗಳನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ನೀಲಿಯ ನಡುವೆ ಬಿಳಿಯ ಎಳೆಗಳು ತೇಲುತ್ತವೆ. ಕೆಲವು ಹೊಗೆಯಂತೆ, ಕೆಲವು ಮಿಂಚಿನಂತೆ, ಕೆಲವು ಮುದುಕಿಯ ಬಿಚ್ಚುಗೂದಲಿನಂತೆ. ಆಕೆ ಬಯಸಿದ್ದು ಗುರುತು ಹಿಡಿಯಲು ನೆರವಾಗುವ ಚಿತ್ರವನ್ನು. ಸಿಕ್ಕಿದ್ದು ಅದೂ ಹೌದು, ಅದಕ್ಕಿಂತ ಹೆಚ್ಚಿನದೂ ಹೌದು. ಕಡಲಿಲ್ಲ, ಬಂಡೆಯಿಲ್ಲ, ಪಾಚಿಯ ಬಣ್ಣವಿಲ್ಲ. ಉಳಿದದ್ದು ಆಕಾರ ಒಂದೇ. ಕಲೆಯ ಬಗ್ಗೆ ಬರೆಯುವವರು ‘ಅಮೂರ್ತ’ ಎಂಬ ಪದ ಬಳಸಿದಾಗ ನಮ್ಮಂಥವರು ಸ್ವಲ್ಪ ಹಿಂಜರಿಯುತ್ತೇವೆ. ಪ್ರಕೃತಿಯ ಹತ್ತಿರದ ಚಿತ್ರಗಳಲ್ಲಿ ಅದರ ಅರ್ಥ ಸರಳ. ವಸ್ತುವಿನ ಸುತ್ತಲಿನದನ್ನು ತೆಗೆದುಬಿಡುವುದು, ಅದು ಎಷ್ಟು ದೊಡ್ಡದೆಂದು ತಿಳಿಯದ ಹಾಗೆ ಮಾಡುವುದು, ಹಲವು ಬಾರಿ ಬಣ್ಣವನ್ನೂ ಕಳೆಯುವುದು. ಈ ಮೂರು ಹೋದರೆ ನಮಗೆ ಹೆಸರು ಹೊಳೆಯುವುದು ತಡವಾಗುತ್ತದೆ. ಹೆಸರು ಹೊಳೆಯುವ ತನಕ ಕಣ್ಣು ರೂಪದ ಮೇಲೆ ನಿಲ್ಲುತ್ತದೆ.

ಆನಾ ತನ್ನ ಪುಸ್ತಕದಲ್ಲಿ ಹೆಸರು ಹಾಕಿಕೊಂಡದ್ದು ‘ಎ.ಎ.’ ಎಂದಷ್ಟೆ. ಆಕೆ 1871ರಲ್ಲಿ ತೀರಿಕೊಂಡ ಮೇಲೆ ಈ ಪುಸ್ತಕ ಕೈಗೆ ಸಿಕ್ಕವರೊಬ್ಬರು ಆ ಎರಡು ಅಕ್ಷರಗಳಿಗೆ ‘ಅನಾನಿಮಸ್ ಅಮೆಚೂರ್’, ಅಂದರೆ ಯಾರೋ ಒಬ್ಬ ಅಜ್ಞಾತ ಹವ್ಯಾಸಿ ಎಂದು ಅರ್ಥ ಮಾಡಿದ್ದರಂತೆ. ಸ್ಕಾಟ್ಲೆಂಡಿನ ವಿಲಿಯಂ ಲ್ಯಾಂಗ್ ಎಂಬಾತ 1880ರ ದಶಕದ ಕೊನೆಗೆ ನಿಜವಾದ ಹೆಸರನ್ನು ಪತ್ತೆ ಮಾಡಿದ. ಪಾಚಿಗಳಿಗೆಲ್ಲ ಒಂದೂ ಬಿಡದೆ ಲ್ಯಾಟಿನ್ ಹೆಸರು ಬರೆದವಳ ಹೆಸರೇ ಸುಮಾರು ಕಾಲ ಇಲ್ಲವಾಗಿತ್ತು.

ಇನ್ನು ಅಟ್ಲಾಂಟಿಕ್ ಸಾಗರ ದಾಟಿ ಅಮೆರಿಕದ ವರ್ಮಾಂಟ್ ರಾಜ್ಯಕ್ಕೆ ಹೋಗೋಣ. ಅಲ್ಲಿ ಜೆರಿಕೊ ಎಂಬ ಹಳ್ಳಿಯ ರೈತಕುಟುಂಬದಲ್ಲಿ 1865ರ ಫೆಬ್ರವರಿಯಲ್ಲಿ ವಿಲ್ಸನ್ ಬೆಂಟ್ಲಿ ಹುಟ್ಟಿದ. ತಾಯಿ ಮದುವೆಗೆ ಮೊದಲು ಶಾಲಾ ಶಿಕ್ಷಕಿಯಾಗಿದ್ದವಳು. ಹದಿನಾಲ್ಕನೆಯ ವಯಸ್ಸಿನವರೆಗೆ ಮಗನಿಗೆ ಮನೆಯಲ್ಲೇ ಪಾಠ. ತಾಯಿಯ ಹತ್ತಿರ ಪಾಠಕ್ಕೆ ಬಳಸುತ್ತಿದ್ದ ಒಂದು ಸೂಕ್ಷ್ಮದರ್ಶಕ ಇತ್ತು. ಹದಿನೈದನೆಯ ಹುಟ್ಟುಹಬ್ಬದ ಹೊತ್ತಿಗೆ ಅದು ಮಗನ ಕೈಗೆ ಬಂತು. ಹೊರಗೆ ಹಿಮ ಬೀಳುತ್ತಿತ್ತು. ಹುಡುಗ ಹಿಮವನ್ನೇ ಅದರಡಿ ಇಟ್ಟು ನೋಡಿದ. ಆರು ಮೂಲೆಗಳ ಹರಳು. ಚಿತ್ರ ಬರೆಯಲು ಯತ್ನಿಸಿದರೆ ಮುಗಿಸುವ ಮೊದಲೇ ಕರಗಿಹೋಗುತ್ತಿತ್ತು. ಕೊನೆಗೆ ಮನೆಯವರು ಸಾಕಷ್ಟು ಹಣ ಸುರಿದು ಕ್ಯಾಮರಾ ಕೊಡಿಸಿದರು. ಅದನ್ನು ಸೂಕ್ಷ್ಮದರ್ಶಕಕ್ಕೆ ಜೋಡಿಸಿ, 1885ರ ಜನವರಿ 15ರಂದು ಹಿಮದ ಒಂದೇ ಒಂದು ಹರಳಿನ ಛಾಯಾಚಿತ್ರ ತೆಗೆಯುವುದರಲ್ಲಿ ಅವನು ಗೆದ್ದ. ಆಗ ಅವನಿಗೆ ಇಪ್ಪತ್ತು ತುಂಬಿರಲಿಲ್ಲ.

ಆಮೇಲೆ ಹೆಚ್ಚುಕಡಿಮೆ ನಾಲ್ಕೂವರೆ ದಶಕ, ಪ್ರತಿ ಚಳಿಗಾಲ ಇದೇ ಕೆಲಸ. ಬೆಂಕಿ ಹಾಕದ ಕೊಠಡಿ, ಕಪ್ಪು ಹಲಗೆಯ ಮೇಲೆ ಬಿದ್ದ ಹಿಮ, ಹರಳನ್ನು ನಯವಾಗಿ ಒತ್ತಲು ಹಕ್ಕಿಯ ಗರಿ. ಉಸಿರು ತಗುಲಿದರೂ ಕರಗೀತೆಂದು ಉಸಿರು ಬಿಗಿಹಿಡಿಯಬೇಕು. ಐದು ಸಾವಿರಕ್ಕೂ ಹೆಚ್ಚು ಹರಳುಗಳ ಚಿತ್ರ ತೆಗೆದ. ದನ ಕಟ್ಟುವ, ಹಾಲು ಕರೆಯುವ ಕೆಲಸ ಬಿಟ್ಟಿರಲಿಲ್ಲ. ಚಿತ್ರಗಳನ್ನು ಶಾಲೆ ಕಾಲೇಜುಗಳಿಗೆ ಅಲ್ಪ ಬೆಲೆಗೆ ಮಾರುತ್ತಿದ್ದ. ಎರಡು ಸಾವಿರದ ನಾನೂರಕ್ಕೂ ಹೆಚ್ಚು ಚಿತ್ರಗಳ ಅವನ ‘ಸ್ನೋ ಕ್ರಿಸ್ಟಲ್ಸ್’ ಪುಸ್ತಕ ಬಂದದ್ದು 1931ರಲ್ಲಿ. ಅದೇ ವರ್ಷದ ಡಿಸೆಂಬರಿನಲ್ಲಿ ಹಿಮಗಾಳಿಯಲ್ಲಿ ನಡೆದು ಮನೆಗೆ ಬಂದವನು ನ್ಯುಮೋನಿಯಾದಿಂದ ತೀರಿಕೊಂಡ.

ಬೆಂಟ್ಲಿಯ ಕೆಲಸದ ಬಗ್ಗೆ ಒಂದು ತಕರಾರು ಎದ್ದಿತ್ತು. ಅವನ ಮೂಲ ನೆಗೆಟಿವ್‌ಗಳಿಂದ ಅಚ್ಚು ಹಾಕಿದರೆ ಹರಳಿನ ಹಿನ್ನೆಲೆ ಬೆಳ್ಳಗೆ ಬರುತ್ತಿತ್ತು, ಅಂಚು ಎದ್ದು ಕಾಣುತ್ತಿರಲಿಲ್ಲ. ಅವನು ನೆಗೆಟಿವ್‌ನ ಇನ್ನೊಂದು ಪ್ರತಿ ಮಾಡಿಕೊಂಡು, ಹರಳಿನ ಸುತ್ತಲಿನ ಲೇಪವನ್ನು ಚಾಕುವಿನಿಂದ ಕೆರೆದು ತೆಗೆಯುತ್ತಿದ್ದ. ಹಾಗೆ ಕೆರೆದ ನೆಗೆಟಿವಿನಿಂದ ಅಚ್ಚು ಹಾಕಿದಾಗ ಕಪ್ಪು ಆಕಾಶದಲ್ಲಿ ಬಿಳಿಯ ನಕ್ಷತ್ರ ಮೂಡುತ್ತಿತ್ತು. ನಾವು ಕ್ಯಾಲೆಂಡರುಗಳಲ್ಲಿ, ಶುಭಾಶಯ ಪತ್ರಗಳಲ್ಲಿ ನೋಡುವ ಹಿಮದ ನಕ್ಷತ್ರ ಇಂಥದೇ. ಜರ್ಮನಿಯ ಹವಾವಿಜ್ಞಾನಿ ಗುಸ್ಟಾವ್ ಹೆಲ್‌ಮನ್ ಇದನ್ನು ಒಪ್ಪಲಿಲ್ಲ. ಕೆರೆಯುವಾಗ ಹರಳಿನ ಅಂಚೇ ಬದಲಾಗುತ್ತದೆ, ಆಗ ಅದು ವಿಜ್ಞಾನಕ್ಕೆ ಸಾಕ್ಷಿಯಾಗಿ ಉಳಿಯುವುದಿಲ್ಲ ಎಂಬುದು ಆಕ್ಷೇಪದ ಸಾರ. ಬೆಂಟ್ಲಿಯ ದೃಷ್ಟಿಯಲ್ಲಿ ಅವನು ತೆಗೆಯುತ್ತಿದ್ದದ್ದು ಹರಳಿಗೆ ಸೇರದ್ದನ್ನು. ಇನ್ನೊಂದು ಮಾತೂ ಇದೆ. ಅವನು ಆರಿಸುತ್ತಿದ್ದದ್ದು ಆರೂ ಕಡೆ ಸರಿಸಮನಾದ, ಅಂದವಾದ ಹರಳುಗಳನ್ನು. ಆಕಾಶದಿಂದ ಬೀಳುವ ಹಿಮದಲ್ಲಿ ಹೆಚ್ಚಿನವು ಮುರಿದವು, ಸೊಟ್ಟಗಿನವು, ಒಂದಕ್ಕೊಂದು ಅಂಟಿಕೊಂಡವು. ಪುಸ್ತಕ ನೋಡಿ ಬೆಳೆದವರಿಗೆ ಎಲ್ಲ ಹಿಮವೂ ನಕ್ಷತ್ರವೇ. ರೂಪವನ್ನು ಎತ್ತಿ ತೋರಿಸಲು ಎಷ್ಟು ಕಳೆಯಬಹುದು, ಎಲ್ಲಿ ನಿಲ್ಲಿಸಬೇಕು ಎಂಬ ಪ್ರಶ್ನೆ ಇಲ್ಲಿಂದ ನಮ್ಮ ಜೊತೆ ಬರುತ್ತದೆ.

ಬೆಂಟ್ಲಿ ಹುಟ್ಟಿದ 1865ರಲ್ಲೇ, ಜೂನ್ ತಿಂಗಳಲ್ಲಿ, ಜರ್ಮನಿಯ ಹಾರ್ಟ್ಸ್ ಬೆಟ್ಟಸೀಮೆಯ ಹಳ್ಳಿಯೊಂದರಲ್ಲಿ ಕಾರ್ಲ್ ಬ್ಲಾಸ್‌ಫೆಲ್ಟ್ ಹುಟ್ಟಿದರು. ಅವರನ್ನು ಬಹುವಚನದಲ್ಲಿ ಕರೆಯುವುದಕ್ಕೆ ನನ್ನದೇ ಕಾರಣವಿದೆ: ಅವರು ಮೇಷ್ಟ್ರು. ಹುಡುಗರಾಗಿದ್ದಾಗ ಕಬ್ಬಿಣದ ಎರಕದ ಕಾರ್ಖಾನೆಯಲ್ಲಿ ಅಲಂಕಾರದ ಕೆಲಸ ಕಲಿತರು. ಗೇಟು, ಜಾಲರಿಗಳಲ್ಲಿ ಎಲೆ ಬಳ್ಳಿಗಳನ್ನು ಮೂಡಿಸುವ ಕೆಲಸ. ಆಮೇಲೆ ಬರ್ಲಿನ್ನಿನಲ್ಲಿ ಓದು. 1890ರ ದಶಕದಲ್ಲಿ ಮೋರಿಟ್ಸ್ ಮಾಯ್ರರ್ ಎಂಬ ಪ್ರಾಧ್ಯಾಪಕರ ಜೊತೆ ಇಟಲಿಯಲ್ಲಿದ್ದು, ಚಿತ್ರಕಲೆಯ ಪಾಠಕ್ಕೆ ಬೇಕಾದ ಗಿಡಗಳ ಮಾದರಿಗಳನ್ನು ಸಂಗ್ರಹಿಸಿದರು. ನಂತರ ಬರ್ಲಿನ್ನಿನ ಕಲಾಶಾಲೆಯಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಒಂದೇ ವಿಷಯ ಕಲಿಸಿದರು: ಜೀವಂತ ಸಸ್ಯಗಳನ್ನು ನೋಡಿ ಆಕೃತಿ ಮಾಡುವುದು.

ಪಾಠದ ತೊಂದರೆ ಏನೆಂದರೆ ಗಿಡ ಬಾಡುತ್ತದೆ. ಮೊಗ್ಗಿನ ತುದಿ ಎಷ್ಟು ಚಿಕ್ಕದೆಂದರೆ ಹಿಂದಿನ ಬೆಂಚಿನವನಿಗೆ ಕಾಣುವುದಿಲ್ಲ. ಅದಕ್ಕಾಗಿ ಬ್ಲಾಸ್‌ಫೆಲ್ಟ್ ಮೇಷ್ಟ್ರು ತಾವೇ ಸಜ್ಜುಗೊಳಿಸಿಕೊಂಡ ಒಂದು ಮರದ ಕ್ಯಾಮರಾದಲ್ಲಿ ಚಿತ್ರ ತೆಗೆದು, ದೊಡ್ಡದು ಮಾಡಿ ತರಗತಿಯಲ್ಲಿ ತೋರಿಸಿದರು. ಕೆಲವನ್ನು ಮೂವತ್ತು ಪಟ್ಟಿಗೂ ಹಿಗ್ಗಿಸಿದ್ದುಂಟು. ಗಿಡಗಳನ್ನು ಹೂದೋಟದಿಂದ ತರಲಿಲ್ಲ; ಹೊಲದ ಬದು, ರಸ್ತೆಯ ಅಂಚು, ರೈಲುಹಳಿಯ ಏರಿಯಿಂದ ಆರಿಸಿದರು. ಹಿಂದೆ ಬೂದು ಅಥವಾ ಬಿಳಿ ರಟ್ಟು, ಕಿಟಕಿಯ ಮೆದು ಬೆಳಕು, ಒಂದೇ ಕೋನ. ವರ್ಷ ಮೂವತ್ತಾದರೂ ವಿಧಾನ ಬದಲಿಸಲಿಲ್ಲ. ಹೀಗೆ ತೆಗೆದವು ಸಾವಿರಾರು ಚಿತ್ರಗಳು.

1926ರಲ್ಲಿ ಬರ್ಲಿನ್ನಿನ ಕಲಾ ವ್ಯಾಪಾರಿ ಕಾರ್ಲ್ ನೀರೆನ್‌ಡಾರ್ಫ್ ಇವುಗಳನ್ನು ತನ್ನ ಗ್ಯಾಲರಿಯಲ್ಲಿ ಪ್ರದರ್ಶಿಸಿದ. 1928ರಲ್ಲಿ 120 ಚಿತ್ರಗಳ ‘ಉರ್‌ಫೊರ್ಮೆನ್ ಡೇರ್ ಕುನ್ಸ್ಟ್’ ಎಂಬ ಪುಸ್ತಕ ಬಂತು. ಕಲೆಯ ಮೂಲರೂಪಗಳು ಎಂದು ಅದರ ಅರ್ಥ. ಮೇಷ್ಟ್ರಿಗೆ ಆಗ ಅರವತ್ತಮೂರು, ನಮ್ಮಲ್ಲಾದರೆ ನಿವೃತ್ತಿಯಾಗಿ ಮೂರು ವರ್ಷ. ಒಮ್ಮೆಲೇ ಹೆಸರು ಬಂತು. ವಾಲ್ಟರ್ ಬೆಂಜಮಿನ್‌ನಂಥ ಚಿಂತಕ ವಿಮರ್ಶೆ ಬರೆದ. ಎಕ್ವಿಸೆಟಮ್ ಎಂಬ ಗಿಡದ ಕಾಂಡ ದೇವಾಲಯದ ಕಂಬದಂತೆ ನಿಂತಿದೆ. ಕುಂಬಳಬಳ್ಳಿಯ ಸುರುಳಿ ಕುಡಿಗಳು ಕಮ್ಮಾರ ಬಗ್ಗಿಸಿದ ಕಬ್ಬಿಣದಂತಿವೆ. ಎಳೆಯ ಜರಿಗಿಡದ ಸುರುಳಿಗಳು ಬಿಷಪ್ಪರ ದಂಡದ ಹಿಡಿಯಂತೆ ಬಾಗಿವೆ. ನಮ್ಮ ಮಲೆನಾಡಿನ ಬಾವಿಯ ಕಲ್ಲುಸಂದಿಗಳಲ್ಲಿ ಮಳೆ ಬಿದ್ದ ವಾರಕ್ಕೇ ಇಂಥ ಸುರುಳಿ ಏಳುವುದನ್ನು ಕಂಡವರಿಗೆ, ಬೇಲೂರು ಹಳೇಬೀಡಿನ ಗೋಡೆಗಳಲ್ಲಿ ಬಳ್ಳಿಯ ಸುರುಳಿಗಳು ಸಾಲುಸಾಲಾಗಿ ಹರಿಯುವುದನ್ನು ಕಂಡವರಿಗೆ, ಮೇಷ್ಟ್ರ ವಾದ ಏನೆಂದು ಬಿಡಿಸಿ ಹೇಳಬೇಕಿಲ್ಲ. ಶಿಲ್ಪಿಗೂ ಕಮ್ಮಾರನಿಗೂ ಮೊದಲ ಗುರು ಗಿಡವೇ ಎಂಬುದು ಅವರ ನಂಬಿಕೆ.

ಅವರೂ ಕಳೆಯುವ ಕೆಲಸ ಮಾಡಿದವರೇ. ಅಡ್ಡ ಬಂದ ಎಲೆಗಳನ್ನು ಕತ್ತರಿಸಿದರು, ಬೇಡದ ಕವಲು ಮುರಿದರು, ನೆಗೆಟಿವ್ ತಿದ್ದಿದರು. ಪುಸ್ತಕದಲ್ಲಿರುವುದು ಬದುವಿನಲ್ಲಿ ಬೆಳೆದ ಗಿಡ ಇದ್ದ ಹಾಗಲ್ಲ, ಪಾಠಕ್ಕೆಂದು ಸಿದ್ಧಪಡಿಸಿದ ಗಿಡ. ಅವರು ತಮ್ಮನ್ನು ಛಾಯಾಗ್ರಾಹಕನೆಂದು ಕರೆದುಕೊಂಡವರಲ್ಲ; ಚಿತ್ರಗಳು ಅವರಿಗೆ ಬೋಧನೋಪಕರಣ. 1932ರ ಡಿಸೆಂಬರಿನಲ್ಲಿ ತೀರಿಕೊಂಡರು, ಬೆಂಟ್ಲಿ ಸತ್ತು ಒಂದು ವರ್ಷಕ್ಕೆ.

ಇದೇ ಕಾಲಕ್ಕೆ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಇಮೊಜೆನ್ ಕನ್ನಿಂಗ್‌ಹ್ಯಾಮ್ ಎಂಬಾಕೆ ಮನೆಯ ಕೈತೋಟದಲ್ಲಿ ಕ್ಯಾಮರಾ ಹಿಡಿದಿದ್ದಳು. ರಸಾಯನಶಾಸ್ತ್ರ ಓದಿದವಳು, ಜರ್ಮನಿಗೆ ಹೋಗಿ ಕಲಿತು ಬಂದವಳು, ಮದುವೆಗೆ ಮೊದಲು ಸ್ವಂತ ಸ್ಟುಡಿಯೋ ನಡೆಸಿದ್ದವಳು. 1915ರಲ್ಲಿ ಮೊದಲ ಮಗ, 1917ರಲ್ಲಿ ಅವಳಿ ಗಂಡುಮಕ್ಕಳು. ಮೂರು ಚಿಕ್ಕ ಹುಡುಗರನ್ನು ಬಿಟ್ಟು ಎಲ್ಲಿಗೆ ಹೋದಾಳು? ತೋಟದಲ್ಲಿ ಬೆಳೆದದ್ದನ್ನೇ ತೆಗೆಯತೊಡಗಿದಳು. 1925ರ ಮ್ಯಾಗ್ನೋಲಿಯಾ ಹೂವಿನ ಚಿತ್ರದಲ್ಲಿ ದಳಗಳು ಚೌಕಟ್ಟನ್ನೆಲ್ಲ ತುಂಬಿ ನಿಂತಿವೆ, ನಡುವೆ ಕೇಸರಗಳ ಗೊಂಚಲು. ಕತ್ತಾಳೆಯ ಎಲೆಗಳನ್ನು ತೆಗೆದ ಚಿತ್ರಗಳಲ್ಲಿ ಗಿಡಕ್ಕಿಂತ ನೆರಳು ಬೆಳಕಿನ ಕತ್ತಿಯಂಚುಗಳೇ ಮೊದಲು ಕಾಣುತ್ತವೆ. 1929ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ನಡೆದ ದೊಡ್ಡ ಪ್ರದರ್ಶನಕ್ಕೆ ಆಕೆಯ ಹತ್ತು ಚಿತ್ರಗಳನ್ನು ಆರಿಸಿ ಕಳಿಸಿದವನು ಗೆಳೆಯ ಎಡ್ವರ್ಡ್ ವೆಸ್ಟನ್.

ವೆಸ್ಟನ್ನನ ಹೆಸರಿನೊಂದಿಗೆ ಒಂದು ದೊಣ್ಣೆಮೆಣಸಿನಕಾಯಿ ಸೇರಿಕೊಂಡಿದೆ. 1930ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ಕಾರ್ಮೆಲ್‌ನಲ್ಲಿ ಅವನು ಹಲವು ಮೆಣಸಿನಕಾಯಿಗಳನ್ನು ಹಲವು ರೀತಿಯಲ್ಲಿಟ್ಟು ನೋಡಿದ. ಕೊನೆಗೆ ಒಂದನ್ನು ಅಡ್ಡ ಮಲಗಿಸಿದ ತಗಡಿನ ಲಾಳಿಕೆಯ ಬಾಯಲ್ಲಿ ಕೂರಿಸಿದ. ತಗಡಿನ ಬಾಗಿದ ಒಳಮೈ ಬೆಳಕನ್ನು ಸುತ್ತಲಿಂದ ಕಾಯಿಯ ಮೇಲೆ ಹಿಂದಿರುಗಿಸಿತು. ‘ಪೆಪ್ಪರ್ ನಂಬರ್ 30’ ಎಂಬ ಆ ಚಿತ್ರವನ್ನು ನೋಡಿದವರು ಬೆನ್ನು ಬಾಗಿಸಿ ಕುಳಿತ ಮನುಷ್ಯ ಎಂದರು, ಅಪ್ಪಿಕೊಂಡ ಇಬ್ಬರು ಎಂದರು. ಜನ ಹುಡುಕಿದ ಇಂಥ ಗೂಢಾರ್ಥಗಳನ್ನು ವೆಸ್ಟನ್ ಮೆಚ್ಚಲಿಲ್ಲ. ಚಿತ್ರವಾದ ಮೇಲೆ ಆ ಕಾಯಿ ಅಡುಗೆಗೆ ಹೋಯಿತು.

ಈ ಐವರನ್ನು ಒಟ್ಟಿಗೆ ನೋಡಿದಾಗ ನನಗೆ ಎದ್ದು ಕಾಣುವುದು ಅವರು ಎಷ್ಟು ಕಡಿಮೆ ದೂರ ಹೋದರು ಎಂಬುದು. ಆನಾಳಿಗೆ ಬಿಸಿಲು ಬೀಳುವ ಜಾಗ, ಬೆಂಟ್ಲಿಗೆ ಕೊಟ್ಟಿಗೆಯ ಪಕ್ಕದ ಕೊಠಡಿ, ಬ್ಲಾಸ್‌ಫೆಲ್ಟರಿಗೆ ತರಗತಿ, ಇಮೊಜೆನ್‌ಗೆ ಹಿತ್ತಿಲು, ವೆಸ್ಟನ್‌ಗೆ ತರಕಾರಿ ಬುಟ್ಟಿ. ಇವರಲ್ಲಿ ಮೂವರನ್ನು ಈ ಕೆಲಸಕ್ಕೆ ಹಚ್ಚಿದ್ದು ಇನ್ನೊಬ್ಬರಿಗೆ ತೋರಿಸಬೇಕೆಂಬ ಅವಶ್ಯಕತೆ. ಒಬ್ಬಳನ್ನು ಹಚ್ಚಿದ್ದು ಹೊರಗೆ ಹೋಗಲಾಗದ ಸಂಸಾರ. ಕಲೆ ಎಂಬ ಮಾತು ಹಿಂದಿನಿಂದ ಬಂದು ಸೇರಿಕೊಂಡಿತು.

ಇದನ್ನು ಬರೆಯುವುದಕ್ಕೆ ಇನ್ನೊಂದು ಕಾರಣವನ್ನೂ ಹೇಳಿಬಿಡುತ್ತೇನೆ. ನಾನು ಕೆಲಸ ಮಾಡುವ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು ನಿವೃತ್ತರಾದ ಮೇಲೆ ಆ ಹುದ್ದೆ ತುಂಬಲಿಲ್ಲ. ಪೀರಿಯಡ್ಡು ಗಣಿತಕ್ಕೆ ಹೋಯಿತು, ಆಮೇಲೆ ಪರೀಕ್ಷೆ ಹತ್ತಿರ ಬಂದಾಗ ಇಂಗ್ಲಿಷಿಗೆ ಹೋಯಿತು. ಪೋಷಕರೂ ಕೇಳಲಿಲ್ಲ. ಅಂಕಪಟ್ಟಿಯಲ್ಲಿ ಅದಕ್ಕೆ ಬೆಲೆಯಿಲ್ಲವಲ್ಲ. ಬರ್ಲಿನ್ನಿನ ಮೇಷ್ಟ್ರು ಮೂವತ್ತು ವರ್ಷ ಕಾಯ್ದುಕೊಂಡದ್ದು ಇಂಥದೇ ಒಂದು ಪೀರಿಯಡ್ಡನ್ನು. ವಾದ ಮಾಡಿ ಶನಿವಾರದ ಕೊನೆಯ ಅವಧಿಯನ್ನು ನಾನು ಎಂಟನೆಯ ತರಗತಿಗೆಂದು ಪಡೆದುಕೊಂಡೆ.

ಸಲಕರಣೆ ಹೆಚ್ಚಿಲ್ಲ. ನನ್ನ ಮೊಬೈಲು, ವಿಜ್ಞಾನದ ಕಪಾಟಿನ ಒಂದು ಭೂತಗನ್ನಡಿ. ಭೂತಗನ್ನಡಿಯನ್ನು ಮೊಬೈಲಿನ ಕಣ್ಣಿಗೆ ಒತ್ತಿ ಹಿಡಿದರೆ ಅಂಗುಲದಷ್ಟು ಹತ್ತಿರದ ವಸ್ತುವೂ ಸ್ಪಷ್ಟವಾಗುತ್ತದೆ. ಹಿನ್ನೆಲೆಗೆ ಹಳೆಯ ಕರಿ ಸ್ಲೇಟು. ಒಂದು ಕಡೆ ಕಿಟಕಿ, ಇನ್ನೊಂದು ಕಡೆ ನೆರಳು ಕಡಿಮೆ ಮಾಡಲು ಬಿಳಿ ಹಾಳೆ. ಕೈ ನಡುಗದಂತೆ ಕೆಳಗೆ ನಾಲ್ಕು ಪಠ್ಯಪುಸ್ತಕ. ದಾಸವಾಳದ ಕೇಸರ, ನುಗ್ಗೆಬೀಜದ ರೆಕ್ಕೆ, ಹಲಸಿನಕಾಯಿಯ ಮುಳ್ಳು, ಜರಿಗಿಡದ ಸುರುಳಿ, ಎಲ್ಲವನ್ನೂ ತೆಗೆದೆವು. ಕಂಪ್ಯೂಟರ್ ಕೊಠಡಿಯಲ್ಲಿ ದೊಡ್ಡದಾಗಿ ತೋರಿಸಿ ಇದೇನು ಎಂದು ಕೇಳಿದೆ. ಹಾಗಲಕಾಯಿಯ ಮೈಯನ್ನು ನೋಡಿ ಓದಿನಲ್ಲಿ ಮುಂದಿರುವ ಹುಡುಗರು ಮೊಸಳೆ ಎಂದರು, ವಿಮಾನದಿಂದ ಕಂಡ ಬೆಟ್ಟಸಾಲು ಎಂದರು. ತರಗತಿಯಲ್ಲಿ ಬಾಯಿಯೇ ತೆರೆಯದ ಒಬ್ಬಳು, ತಾಯಿ ಕೂಲಿಗೆ ಹೋದ ಮೇಲೆ ಮನೆಯ ಅಡುಗೆಯನ್ನೆಲ್ಲ ಮಾಡಿಟ್ಟು ಬರುವವಳು, “ಹಾಗಲಕಾಯಿ ಅಲ್ವಾ ಟೀಚರ್, ದಿನಾ ಹೆಚ್ತೀನಲ್ಲ” ಎಂದಳು. ಮುಂದಿನ ಎಂಟು ಚಿತ್ರಗಳಲ್ಲಿ ಆರನ್ನು ಗುರುತು ಹಿಡಿದವಳೂ ಅವಳೇ.

ಹೆಲ್‌ಮನ್ ಎತ್ತಿದ ಪ್ರಶ್ನೆ ನಮ್ಮ ತರಗತಿಗೂ ಬಂತು. ಒಬ್ಬ ಹುಡುಗ ಹುಳು ತಿಂದ ಭಾಗವನ್ನು ಕಿತ್ತುಹಾಕಿ ಎಲೆಯ ಚಿತ್ರ ತೆಗೆದ. ಹಾಗೆ ಮಾಡಬಹುದೇ ಎಂದು ಉಳಿದವರು ಜಗಳಕ್ಕೆ ನಿಂತರು. ಚಂದ ಕಾಣಲಿ ಎಂದಾದರೆ ಮಾಡಬಹುದು, ಆದರೆ ಏನು ಕಿತ್ತೆ ಎಂದು ಚಿತ್ರದ ಕೆಳಗೆ ಬರೆಯಬೇಕು ಎಂದು ತೀರ್ಮಾನವಾಯಿತು. ಬೆಂಟ್ಲಿ ಅಷ್ಟು ಮಾಡಿದ್ದರೆ ಜರ್ಮನ್ ಪಂಡಿತರಿಗೆ ಅರ್ಧ ತಕರಾರು ಉಳಿಯುತ್ತಿರಲಿಲ್ಲವೇನೋ. ಹುಳು ತಿಂದ ಎಲೆಯನ್ನೇ ಬೇಕೆಂದು ತೆಗೆದವರೂ ಇದ್ದಾರೆ. ಆ ತೂತುಗಳ ಅಂಚು ಎಷ್ಟು ನುಣುಪಾಗಿರುತ್ತದೆಂದು ನನಗೂ ಆವರೆಗೆ ತಿಳಿದಿರಲಿಲ್ಲ.

ಈಗ ಪ್ರತಿ ಚಿತ್ರದ ಕೆಳಗೆ ಆರು ಸಾಲು ಕಡ್ಡಾಯ ಮಾಡಿದ್ದೇವೆ. ಯಾವ ಗಿಡ, ಊರಿನವರು ಅದನ್ನು ಏನೆಂದು ಕರೆಯುತ್ತಾರೆ, ಎಲ್ಲಿ ಸಿಕ್ಕಿತು, ನಿಜವಾದ ಅಳತೆ ಎಷ್ಟು, ಏನನ್ನು ತೆಗೆದುಹಾಕಿದೆ, ಕೊನೆಯದು ಚಿತ್ರ ತೆಗೆದವರ ಹೆಸರು. ಹುಡುಗಿಯರಲ್ಲಿ ಕೆಲವರು ನಾಚಿಕೊಂಡು ಮೂಲೆಯಲ್ಲಿ ಇನಿಷಿಯಲ್ ಮಾತ್ರ ಬರೆಯುತ್ತಾರೆ. ಅವರಿಗೆ ‘ಎ.ಎ.’ ಕತೆ ಹೇಳಿ, ಹಾಳೆಯನ್ನು ವಾಪಸು ಕೊಟ್ಟು, ಪೂರ್ತಿ ಹೆಸರು ಬರೆಸುತ್ತೇನೆ.